ಖಾಲಿ ಹೊಟ್ಟೆಯ ರಕ್ತ

ಎಪ್ಪತ್ತಮೂರನೆಯ ರೋಗಿ ಅಕ್ಕನೇ. ಅವನು ಪಟ್ಟಿಯನ್ನು ಇನ್ನೊಮ್ಮೆ ನೋಡಿದ. ಹೆಂಗಸು, ಐವತ್ತೆರಡು ವರ್ಷ, ತೂಕ ನಲವತ್ತೊಂದು ಕಿಲೋ, ಎಡಗಿವಿ ಕೇಳಿಸುವುದಿಲ್ಲ, ಉದ್ಯೋಗ ಪುಸ್ತಕದ ಬೈಂಡಿಂಗು. ಲೈಬ್ರರಿಯ ಹರಿದ ಪುಸ್ತಕಗಳನ್ನು ಮನೆಯಲ್ಲಿ ಕೂತು ಹೊಲಿದುಕೊಡುವ ನಲವತ್ತೊಂದು ಕಿಲೋದ ಹೆಂಗಸರು ಈ ಊರಿನಲ್ಲಿ ಎಷ್ಟು ಜನ ಇದ್ದಾರು?

ಹೆಸರು ಅಳಿಸಿ, ನಂಬರು ಕೊಟ್ಟು, ನೂರಾ ಹದಿನೆಂಟು ಜನರನ್ನು ಅವನ ಕಂಪ್ಯೂಟರಿಗೆ ಕಳಿಸಿದ್ದು, ಯಾರು ಯಾರೆಂದು ಅವನಿಗೆ ತಿಳಿಯಬಾರದೆಂದೇ. ಎಂಟು ತಿಂಗಳು ತಿಳಿದಿರಲಿಲ್ಲ. ತಿಳಿಯದಿರುವುದು ಅವನ ಸ್ವಭಾವಕ್ಕೆ ಚೆನ್ನಾಗಿ ಒಗ್ಗಿತ್ತು. ಇವತ್ತು ಬೆಳಿಗ್ಗೆ ಯಾರದೋ ತಪ್ಪು ತೂಕವನ್ನು ಹುಡುಕುತ್ತ ಪಟ್ಟಿಯಲ್ಲಿ ಇಳಿದವನು ಅಕ್ಕನಿಗೆ ಡಿಕ್ಕಿ ಹೊಡೆದ.

ಅವನು ಆಸ್ಪತ್ರೆಯ ಸಂಶೋಧನಾ ವಿಭಾಗದಲ್ಲಿ ಸಂಖ್ಯಾಶಾಸ್ತ್ರಜ್ಞ. ಎಲ್ಲರೂ ‘ಮೇಷ್ಟ್ರು’ ಎನ್ನುತ್ತಿದ್ದರು. ರೋಗಿಯ ಮೈ ಮುಟ್ಟದೆ, ಮುಖ ನೋಡದೆ ರೋಗಿಯ ಬಗ್ಗೆ ಎಲ್ಲ ಹೇಳಬಲ್ಲವನು. ಪಟ್ಟಿಯಲ್ಲಿದ್ದವರೆಲ್ಲರ ರೋಗ ರಕ್ತನಾಳಗಳದ್ದು. ಮೈಯನ್ನು ಕಾಯಬೇಕಾದ ಪಡೆಯೇ ನಾಳಗಳ ಮೇಲೆ ಬೀಳುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಎಂದು ಡಾಕ್ಟರಮ್ಮ ರೋಗಿಗಳಿಗೆ ವಿವರಿಸುತ್ತಿದ್ದರು. ಬೇಲಿ ಯಾಕೆ ಎದ್ದಿತು ಎಂದು ಕೇಳಿದವರಿಗೆ ಮಾತ್ರೆ ಬರೆದುಕೊಡುತ್ತಿದ್ದರು.

ಡಾಕ್ಟರಮ್ಮ ಕಂಡುಕೊಂಡದ್ದು ಸರಳವಾಗಿತ್ತು. ರೋಗ ಪತ್ತೆಯಾದ ದಿನ ಖಾಲಿ ಹೊಟ್ಟೆಯಲ್ಲಿ ತೆಗೆದ ರಕ್ತದ ಕೊಬ್ಬು, ಸಕ್ಕರೆ ಎರಡನ್ನೂ ಸೇರಿಸಿ ಒಂದು ಅಂಕಿ ಮಾಡಿದರೆ, ಮೂರು ವರ್ಷದೊಳಗೆ ಯಾರು ಸಾಯಬಹುದು ಎನ್ನುವುದರ ಸುಳಿವು ಅದರಲ್ಲಿ ಸಿಗುತ್ತದೆ. ಒಂಬತ್ತು ಗಡಿ. ಗಡಿ ದಾಟಿದವರು ಮೂವತ್ತೊಂದು ಜನ ಇದ್ದರು. ಅವರಲ್ಲಿ ಹತ್ತೊಂಬತ್ತು ಜನ ಈಗ ಇಲ್ಲ. ಈ ವಿಭಾಗದಲ್ಲಿ ಸಾವಿಗೆ ‘ಇವೆಂಟ್’ ಎಂದು ಹೆಸರು. ಗ್ರಾಫಿನಲ್ಲಿ ಎರಡು ಗೆರೆ, ಎರಡೂ ಮೆಟ್ಟಿಲು ಇಳಿಯುತ್ತವೆ. ಮೇಲಿನದು ಮೆಲ್ಲಗೆ, ಗಡಿ ದಾಟಿದವರದಾದ ಕೆಳಗಿನದು ದಡದಡನೆ. ಇನ್ನೂ ಬದುಕಿರುವವರ ಗುರುತಿಗೆ ಗೆರೆಯ ಮೇಲೆ ಒಂದೊಂದು ಸಣ್ಣ ಗೀಟು.

ಅಕ್ಕನ ಅಂಕಿ ಒಂಬತ್ತು ಪಾಯಿಂಟ್ ನಾಲ್ಕು. ರಕ್ತ ಕೊಟ್ಟು ಎರಡು ವರ್ಷವಾಗಿದೆ. ಅವಳು ಕೆಳಗಿನ ಗೆರೆಯ ಮೇಲಿನ ಒಂದು ಗೀಟು. ಕೆಂಪು ಅತಿಯಾಯಿತು ಎಂದು ಡಾಕ್ಟರಮ್ಮ ಹೇಳಿದ ಮೇಲೆ ಆ ಗೆರೆಗೆ ನೀಲಿ ಬಣ್ಣ ಕೊಟ್ಟವನೂ ಅವನೇ.

ಬಾಗಿಲು ತಳ್ಳಿಕೊಂಡು ಡಾಕ್ಟರಮ್ಮ ಬಂದರು.

“ಮೇಷ್ಟ್ರೇ, ಲೇಖನ ಸಂಜೆಯೊಳಗೆ ಕಳಿಸಿಬಿಡೋಣ.”

“ಮೇಡಂ, ಒಬ್ಬೊಬ್ಬರ ವಿಷಯದಲ್ಲಿ ಈ ಅಂಕೀನ ಎಷ್ಟು ನಂಬಬಹುದು?”

“ಒಬ್ಬೊಬ್ಬರ ವಿಷಯ ನಮಗ್ಯಾಕೆ? ಗುಂಪು ನೋಡಿ ಅಂತ ಹೇಳಿಕೊಟ್ಟವರೇ ನೀವು.”

“ಹೌದು.”

“ಮತ್ತೆ?”

“ಏನಿಲ್ಲ.”

“ಮುಖ ಯಾಕೆ ಹೀಗಿದೆ? ಬೆಳಿಗ್ಗೆ ಏನಾದ್ರೂ ತಿಂದ್ರೋ ಇಲ್ವೋ?” ಎಂದು ಉತ್ತರಕ್ಕೆ ಕಾಯದೆ ಹೋದರು.

ತಿಂದಿದ್ದರೆ? ಅವನಲ್ಲ, ಅಕ್ಕ. ಅವತ್ತು ಅಕ್ಕ ಏನಾದರೂ ತಿಂದು ಬಂದಿದ್ದರೆ? ಒಂದು ತುತ್ತು ಹೊಟ್ಟೆಗೆ ಬಿದ್ದರೂ ಕೊಬ್ಬು ಏರುತ್ತದೆ, ಸಕ್ಕರೆ ಏರುತ್ತದೆ. ಆಗ ಒಂಬತ್ತು ಪಾಯಿಂಟ್ ನಾಲ್ಕು ಎನ್ನುವುದು ಅವಳ ಸಾವಿನ ಅಂಕಿಯಲ್ಲ, ಅವಳ ಬೆಳಗಿನ ತಿಂಡಿಯ ಅಂಕಿ. ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿತು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ಎಪ್ಪತ್ತಮೂರನೆಯ ಸಾಲಿನಲ್ಲಿ ‘ಖಾಲಿ ಹೊಟ್ಟೆ: ಹೌದು’ ಎಂದಿತ್ತು. ಎಪ್ಪತ್ನಾಲ್ಕರಲ್ಲೂ ಹೌದು. ಮೇಲೆ ಹೋದ, ಕೆಳಗೆ ಬಂದ. ನೂರಾ ಹದಿನೆಂಟೂ ಹೌದು. ಇಷ್ಟು ಜನರಲ್ಲಿ ಒಬ್ಬರೂ ಮರೆತು ಒಂದು ಗುಟುಕು ಟೀ ಕುಡಿದಿರಲಿಲ್ಲವೆ? ಒಂದೂ ಖಾಲಿ ಬಿಡದ, ಒಂದೂ ತಪ್ಪದ ಕಾಲಮ್ಮನ್ನು ಕಂಡರೆ ಮೊದಲು ಅನುಮಾನ ಪಡಬೇಕೆಂದು ಹೊಸಬರಿಗೆ ಪಾಠ ಹೇಳುತ್ತಿದ್ದವನು ಅವನೇ. ಎಂಟು ತಿಂಗಳ ಹಿಂದೆ ಇದೇ ಕಾಲಮ್ಮು ನೋಡಿ, ಎಷ್ಟು ಶುದ್ಧವಾಗಿದೆ ಎಂದು ಖುಷಿಪಟ್ಟಿದ್ದ.

ನೆಲಮಾಳಿಗೆಯ ಲ್ಯಾಬಿಗೆ ಇಳಿದ. ರಕ್ತ ತೆಗೆಯುವವನು ಅರ್ಜಿಗಳ ಕಟ್ಟು ಮುಂದಿಟ್ಟುಕೊಂಡು ಒಂದೊಂದಕ್ಕೂ ‘ಖಾಲಿ ಹೊಟ್ಟೆ’ಯ ಜಾಗದಲ್ಲಿ ಸರಿ ಗುರುತು ಹಾಕುತ್ತಿದ್ದ. ಎದುರಿನ ಕುರ್ಚಿ ಖಾಲಿಯಿತ್ತು. ರೋಗಿಗಳು ಇನ್ನೂ ಹೊರಗೆ ಬೆಂಚಿನ ಮೇಲಿದ್ದರು.

“ಊಟ ಮಾಡಿ ಬಂದಿದಾರಾ ಅಂತ ಎಲ್ಲರನ್ನೂ ಕೇಳ್ತೀರಾ?”

“ಕೇಳ್ದೆ ಇರ್ತೀವಾ ಸಾರ್?”

“ಎಲ್ಲರನ್ನೂ?”

“ಖಾಲಿ ಹೊಟ್ಟೆಲಿ ಬನ್ನಿ ಅಂತ ಚೀಟೀಲೇ ಬರೆದಿರುತ್ತೆ. ಬಂದೇ ಬರ್ತಾರೆ.” ಯಾರೂ ಕುಂಬಳಕಾಯಿ ಕಳ್ಳ ಎನ್ನದಿದ್ದರೂ ಅವನು ಹೆಗಲು ಮುಟ್ಟಿ ನೋಡಿಕೊಂಡ. “ಯಾರಾದ್ರೂ ಕಂಪ್ಲೇಂಟ್ ಮಾಡಿದ್ರಾ ಸಾರ್?”

“ಇಲ್ಲ, ಇಲ್ಲ. ಒಳ್ಳೇ ಕೆಲಸ ಮಾಡ್ತಿದೀರಿ.”

ನಿಜವಾಗಿಯೂ ಅವನ ಕೈ ಕುಲುಕಬೇಕೆನಿಸಿತು. ಎಂಟು ತಿಂಗಳ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಗಿತ್ತು, ಅವನಿಗೆ ಮಾತ್ರ ಹಾಲು ಕುಡಿದಷ್ಟು ಸಂತೋಷ. ಮೆಟ್ಟಿಲು ಹತ್ತುವಾಗ ಶಿಳ್ಳೆ ಹಾಕುತ್ತಿದ್ದೇನೆಂದು ತಿಳಿದು ನಾಚಿಕೆಯಾಯಿತು. ಡಾಕ್ಟರಮ್ಮನ ಕೋಣೆಯ ಮುಂದೆ ಒಂದು ಕ್ಷಣ ನಿಂತ. ಒಳಗೆ ಅವರು ಯಾರಿಗೋ ಫೋನಿನಲ್ಲಿ ‘ಅದ್ಭುತವಾದ ಗೆರೆ’ ಎನ್ನುತ್ತಿದ್ದರು. ಅರ್ಧ ದಿನ ರಜೆ ಬರೆದು ಬಸ್ಸು ಹತ್ತಿದ.

ಅಕ್ಕ ರಕ್ತ ಕೊಡಲು ಬಂದ ದಿನ ಅವನು ಅದೇ ಕಟ್ಟಡದಲ್ಲಿದ್ದ, ಮೂರು ಮಹಡಿ ಮೇಲೆ, ಮೀಟಿಂಗಿನಲ್ಲಿ. ಮುಗಿದ ಮೇಲೆ ಫೋನ್ ಮಾಡು ಎಂದಿದ್ದ. ಅವಳು ಮಾಡಲಿಲ್ಲ. ಅವನೂ ಮಾಡಲಿಲ್ಲ. ಆ ದಿನದ ಬಗ್ಗೆ ಅವನಿಗೆ ನೆನಪಿರುವುದು ಮೀಟಿಂಗಿನಲ್ಲಿ ಕೊಟ್ಟ ಬಿಸ್ಕತ್ತು ಮೆತ್ತಗಾಗಿತ್ತು ಎನ್ನುವುದು ಮಾತ್ರ. ಬಿಸ್ಕತ್ತು ಹಂಚುತ್ತ ಬಂದ ಹುಡುಗಿ ತಟ್ಟೆಯನ್ನು ಎರಡನೆಯ ಸಲ ಚಾಚಿದಾಗ ಇನ್ನೊಂದು ತೆಗೆದುಕೊಂಡಿದ್ದ.

ಸೈಕಲ್ ರಿಪೇರಿ ಅಂಗಡಿಯ ಮೇಲೆ ಅಕ್ಕನ ಎರಡು ಕೋಣೆ. ಗೋಡೆಯುದ್ದಕ್ಕೂ ಬೆನ್ನು ಕಿತ್ತುಹೋದ ಪುಸ್ತಕಗಳು, ಅಂಟಿನ ವಾಸನೆ. ಅವಳು ಕಿಟಕಿಯ ಹತ್ತಿರ ಕೂತು ಹೊಲಿಯುತ್ತಿದ್ದಳು. ಹಾಳೆಯ ಅಂಚಿನಲ್ಲಿ ಅಲ್ಲಲ್ಲಿ ಸಣ್ಣ ಕೆಂಪು ಚುಕ್ಕೆ. ಬೆರಳ ತುದಿ ಜೋಮು ಹಿಡಿದು ವರ್ಷವಾಗಿತ್ತು. ಸೂಜಿ ಚುಚ್ಚಿದ್ದು ಅವಳಿಗೆ ಚುಕ್ಕೆ ಕಂಡ ಮೇಲೆ ಗೊತ್ತಾಗುತ್ತಿತ್ತು.

“ಏನೋ, ಮಟಮಟ ಮಧ್ಯಾಹ್ನ? ಕೆಲಸದಿಂದ ತೆಗೆದುಹಾಕಿದ್ರಾ?”

“ಇನ್ನೂ ಇಲ್ಲ.”

ಅವಳ ಪಕ್ಕದಲ್ಲಿ ಕೂತು ಕೇಳಿದ: “ಅಕ್ಕ, ಮೊದಲ ಸಲ ರಕ್ತ ಕೊಡೋಕೆ ಬಂದ್ಯಲ್ಲ, ಅವತ್ತು ಏನಾದ್ರೂ ತಿಂದಿದ್ಯಾ?”

ಅವಳು ಹೊಲಿಯುತ್ತಲೇ ಇದ್ದಳು. ಅವನು ಕೂತದ್ದು ಎಡಗಡೆ. ಎಡಗಡೆ ಕೂತಿದ್ದೇನೆಂದು ಕೂರುವಾಗಲೇ ಅವನಿಗೆ ಗೊತ್ತಿತ್ತು. ಎದ್ದು ಬಲಗಡೆಗೆ ಬಂದು ಮತ್ತೆ ಕೇಳಿದ.

ಸೂಜಿ ನಿಂತಿತು. ಅಕ್ಕ ಅವನ ಮುಖವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದಳು.

“ಆ ಮಾತು ಈಗ್ಯಾಕೋ?”

“ಸುಮ್ನೆ. ಆಫೀಸಿನದೊಂದು ಲೆಕ್ಕ.”

“ತಿಂದಿದ್ರೆ ಒಳ್ಳೇದಾ, ತಿನ್ನದೆ ಇದ್ರೆ ಒಳ್ಳೇದಾ?”

ಪ್ರಶ್ನೆ ಕೇಳುವವನು ತನಗೆ ಯಾವ ಉತ್ತರ ಬೇಕೆಂದು ಬಾಯಿಬಿಡಬಾರದು. ಇದು ಅವನ ವೃತ್ತಿಯ ಮೊದಲ ಪಾಠ.

“ತಿಂದಿದ್ರೆ,” ಎಂದುಬಿಟ್ಟ.

“ತಿಂದಿದ್ದೆ.”

“ಏನು?”

“ಬ್ರೆಡ್ಡು. ಎರಡು. ಬಸ್ ಸ್ಟಾಪಲ್ಲಿ. ಮೇಲೊಂದು ಟೀ.”

“ಸಕ್ಕರೆ ಹಾಕಿದ್ದಾ?”

“ಎಷ್ಟಿದ್ರೆ ಒಳ್ಳೇದೋ ಅಷ್ಟು ಹಾಕಿದ್ದೆ ಅಂತ ಬರ್ಕೋ,” ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, “ನಿಜ ಕಣೋ. ತಿಂದಿದ್ದೆ. ನೀನು ಹೆದರ್ಕೋಬೇಡ,” ಎಂದಳು.

ಹೆದರಿದ್ದೇನೆಂದು ಅವನು ಹೇಳಿರಲಿಲ್ಲ. ಆದರೂ ನಂಬಿದ. ನಂಬುವುದು ಅವನಿಗೆ ಆ ಹೊತ್ತಿನಲ್ಲಿ ಅಷ್ಟು ಬೇಕಾಗಿತ್ತು. ಎದೆಯ ಮೇಲಿನ ಕಲ್ಲು ಇಳಿಯಿತು, ಇಳಿದದ್ದೇ ಭಯಂಕರ ಹಸಿವಾಯಿತು.

ಕೇಳುವ ಮೊದಲೇ ಅಕ್ಕ ಒಳಗಿಂದ ತಟ್ಟೆ ತಂದಿಟ್ಟಳು, ಅನ್ನದ ಪಾತ್ರೆ ತರಲು ಮತ್ತೆ ಹೋದಳು. ಒಲೆಯಿಂದ ಆಗತಾನೆ ಇಳಿಸಿದ ಪಾತ್ರೆ. ಒಂದೇ ತಟ್ಟೆ.

“ನಿಂದು?”

“ನಂದಾಯ್ತು.”

ಅವನು ಮೊದಲ ತುತ್ತು ಬಾಯಿಗಿಟ್ಟಿದ್ದ. ಅದು ಅಲ್ಲೇ ನಿಂತಿತು. ನಂದಾಯ್ತು. ಅಮ್ಮ ಹೋದಾಗ ಅವನಿಗೆ ಏಳು, ಅವಳಿಗೆ ಹದಿನೈದು. ಅಪ್ಪ ಕಾರ್ಖಾನೆಯಿಂದ ಬರುವ ಮೊದಲು ಅಕ್ಕ ಅವನಿಗೆ ಬಡಿಸಿ, ಎದುರಿಗೆ ಮಂಡಿ ತಬ್ಬಿ ಕೂತು, ದಿನವೂ ಇದೇ ಮಾತು ಹೇಳುತ್ತಿದ್ದಳು. ಅವನು ದಿನವೂ ನಂಬುತ್ತಿದ್ದ. ಅದು ಸುಳ್ಳೆಂದು ಚಿಕ್ಕಮ್ಮ ಹೇಳಿದಾಗ ಅವನಿಗೆ ಮೂವತ್ತು ದಾಟಿತ್ತು; ಹೌದಾ ಎಂದು ಪೇಪರು ಓದುವುದನ್ನು ಮುಂದುವರಿಸಿದ್ದ. ಊಟ ಎಂಬ ಪದವನ್ನು ಅವಳು ಆ ಮಾತಿಗೆ ಎಂದೂ ಸೇರಿಸಿದವಳಲ್ಲ. ಬರೀ ನಂದಾಯ್ತು.

ಹೇಳುವಾಗ ಅದೇ ದನಿ. ತಿಂದಿದ್ದೆ ಎಂದದ್ದೂ ಅದೇ ದನಿಯಲ್ಲಿ.

“ಅಕ್ಕ.”

“ತಿನ್ನು.”

“ಒಲೆಯಿಂದ ಈಗ ತಾನೆ ಇಳಿಸಿದೀಯ.”

“ಬಿಸಿ ಇದ್ದಾಗ್ಲೇ ತಿನ್ನು ಅಂತ.”

ಜೇಬಿನಲ್ಲಿ ಫೋನು ಗುಂಯ್ ಎಂದಿತು. ಡಾಕ್ಟರಮ್ಮ. ಕಳಿಸಲಾ ಎಂದು ಕೇಳುತ್ತಿರಬೇಕು. ಬಲಗೈ ಎಂಜಲಾಗಿತ್ತು, ಎಡಗೈಗೆ ಫೋನು ತೆಗೆಯಲು ಮನಸ್ಸಿರಲಿಲ್ಲ. ನಿಂತುಹೋಯಿತು. ಅವನು ತುತ್ತು ನುಂಗಿದ. ಇನ್ನೊಂದು ಕಲಸಿದ. ಅಕ್ಕ ಎದುರಿಗೆ ಕೂತು ನೋಡುತ್ತಿದ್ದಳು. ಅವಳ ಮುಖದಲ್ಲಿ ಏನೋ ತುಂಬುತ್ತಿರುವಂತಿತ್ತು. ಅವನು ಬೇಗಬೇಗ ತಿಂದ, ಬೇಡವೆಂದುಕೊಂಡೇ ತಿಂದ. ತನ್ನ ಬಗ್ಗೆ ಅವನಿಗೆ ಅಸಹ್ಯವಾಯಿತು, ಹಸಿವು ಮಾತ್ರ ಕಡಿಮೆಯಾಗಲಿಲ್ಲ.

ತಟ್ಟೆ ಬರಿದಾಯಿತು.

“ಹಾಕ್ಲಾ?”

ಸಾಕು ಎನ್ನಬೇಕಿತ್ತು. ಎರಡೇ ಅಕ್ಷರ. ಅಕ್ಕ ಪಾತ್ರೆಯನ್ನು ಬರಿಗೈಯಲ್ಲೇ ಎತ್ತಿದಳು. ಅದರ ಅಂಚು ಇನ್ನೂ ಹಬೆಯಾಡುತ್ತಿತ್ತು. ಸುತ್ತ ಒತ್ತಿ ಹಿಡಿದ ಹತ್ತು ಬೆರಳೂ ಅವನ ಕಣ್ಣೆದುರಿಗೇ ಕೆಂಪಾಗುತ್ತ ಬಂದವು. ಅವಳ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. ಪಾತ್ರೆಯನ್ನು ಓರೆ ಮಾಡಿ, ತಳದಲ್ಲಿ ಅಂಟಿದ್ದೂ ಬೀಳಲೆಂದು ಅಲುಗಿಸುತ್ತ ಅವಳು ನಗುನಗುತ್ತ ಕಾಯುತ್ತಿದ್ದಳು. ಅವನು ತಟ್ಟೆಯನ್ನು ಮುಂದೆ ಹಿಡಿದ.