ತಲೆಕೆಳಗಾದ ಮೀನು

"ಒಡೆಯೋದು ನಮ್ಮ ಕೆಲಸ, ಕಟ್ಟೋದು ನಮ್ಮ ಕೆಲಸ. ಎತ್ತೋದು ನಮ್ಮ ಕೆಲಸ ಅಲ್ಲಮ್ಮ" ಎಂದು ಮೇಸ್ತ್ರಿ ಹೇಳಿದಾಗ ಗುಡುಗಮ್ಮನ ಕೈಯಲ್ಲಿ ಪೊರಕೆ ಇತ್ತು. ಅದು ಅವನ ಬೆನ್ನಿಗೆ ಬೀಳದೆ ಉಳಿದದ್ದು ಅವನ ಹೆತ್ತವರ ಪುಣ್ಯ.

ಗುಡುಗಮ್ಮ ಎಂಬುದು ಬೀದಿಯವರು ಇಟ್ಟ ಹೆಸರು. ಅವಳೆದುರು ಹಾಗೆ ಕರೆಯುವ ಎದೆ ಯಾರಿಗೂ ಇರಲಿಲ್ಲ ಬಿಡಿ. ಹಾಲಿಗೆ ನೀರು ಹಾಕಿದವನನ್ನು, ನಲ್ಲಿಯ ಸಾಲಿನಲ್ಲಿ ನುಗ್ಗಿದವಳನ್ನು, ಗೋಡೆಗೆ ಉಗುಳಿದವನನ್ನು ಅವಳು ನಡುಬೀದಿಯಲ್ಲಿ ನಿಲ್ಲಿಸಿ ನೀರಿಳಿಸಿದ್ದಾಳೆ. ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಸಂಸಾರ ತೂಗಿಸುವ ಹೆಂಗಸು. ಬಾಯಿ ಇಲ್ಲದಿದ್ದರೆ ನಾಯಿಯೂ ಲೆಕ್ಕಕ್ಕಿಡುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಹಂಗಾದ್ರೆ ಇದನ್ನ ನಾನು ನುಂಗ್ಲಾ?" ಎಂದು ಅವಳು ಒಡೆದ ಇಟ್ಟಿಗೆ, ಗಾರೆಯ ರಾಶಿಯನ್ನು ತೋರಿಸಿದಳು.

ಮೇಸ್ತ್ರಿ ತಲೆ ಕೆರೆದುಕೊಂಡ. "ನೋಡಣ, ಹುಡುಗರು ಸಿಕ್ಕಿದ್ರೆ ಕಳಿಸ್ತೀನಿ" ಎಂದು ಹೊರಟ. ಆಮೇಲೆ ಅವನ ಫೋನು ರಿಂಗಾಗುತ್ತಿತ್ತೇ ಹೊರತು ಯಾರೂ ಎತ್ತುತ್ತಿರಲಿಲ್ಲ.

ಆ ರಾಶಿ ಬಿದ್ದಿದ್ದ ಜಾಗವಾದರೂ ಎಂಥದ್ದು! ಮನೆ ಒಡೆಸಿದ್ದೇ ಯಜಮಾನನಿಗಾಗಿ. ಗಂಡ ಕ್ಷೌರದಂಗಡಿಯವನು, ಬೀದಿಗೆಲ್ಲ ಅಣ್ಣ. ಬೈಕಿನಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿತ್ತು. ಕೈಗಳು ಮಾತ್ರ ಮೊದಲಿನ ಹಾಗೇ, ಕತ್ತಿ ಹಿಡಿದರೆ ಕೂದಲೆಳೆಯಷ್ಟೂ ನಡುಗುವುದಿಲ್ಲ. ಆದರೆ ಗಾಲಿಕುರ್ಚಿ ಬಾಗಿಲಲ್ಲಿ ತೂರುತ್ತಿರಲಿಲ್ಲ, ಮುಂದೆ ಮೆಟ್ಟಿಲು ಬೇರೆ. ಒಮ್ಮೆ ಆಸ್ಪತ್ರೆಗೆ ಹೋಗುವಾಗ ನಾಲ್ಕು ಜನ ಅವನನ್ನು ಕುರ್ಚಿಸಮೇತ ಎತ್ತಿ ಇಳಿಸಿದ್ದರು. ಇಡೀ ಬೀದಿ ಬಾಗಿಲಿಗೆ ಬಂದು ಲೊಚಗುಟ್ಟಿತ್ತು. ವಾಪಸು ಬಂದವನು ಗೋಡೆಗೆ ಮುಖ ಮಾಡಿ ಹೇಳಿದ್ದ: "ನಾಲ್ಕು ಜನ ಹೊತ್ಕೊಂಡು ಹೋಗೋ ಸವಾರಿ ಒಂದೇ ಕಣೇ. ಅದಕ್ಕಿನ್ನೂ ಟೈಮಿದೆ. ಇನ್ಮೇಲೆ ನನ್ನ ಯಾರೂ ಎತ್ತಬಾರದು."

ಅಂದಿನಿಂದ ಹೊಸ್ತಿಲು ದಾಟಿದವನಲ್ಲ. ಅಂಗಡಿಯನ್ನು ತಮ್ಮ ನೋಡಿಕೊಳ್ಳುತ್ತಿದ್ದ. ಬೀದಿಯ ಕೊನೆಯಲ್ಲಿ ನೀರಿನ ಟ್ಯಾಂಕು, ಅದರ ಗೋಡೆ ಸುತ್ತಿ ತಿರುಗಿದರೆ ಅಂಗಡಿ. ಕೂಗಿದರೆ ಕೇಳುವಷ್ಟು ಹತ್ತಿರ. ಅಷ್ಟು ಹತ್ತಿರದ ಅಂಗಡಿ ಅವನಿಗೆ ಸಮುದ್ರದಾಚೆಯ ಊರಾಗಿಹೋಗಿತ್ತು.

ಇದನ್ನು ನೋಡಲಾರದೆ ಗುಡುಗಮ್ಮ ಮನೆ ಒಡೆಸಿದಳು. ಬಾಗಿಲುಗಳನ್ನು ಅಗಲ ಮಾಡಿಸಿದಳು, ಬಚ್ಚಲಿನ ಅಡ್ಡಗೋಡೆ ಕೆಡವಿಸಿದಳು, ಮೆಟ್ಟಿಲು ಕಿತ್ತು ಬೀದಿಯವರೆಗೆ ಇಳಿಜಾರು ಮಾಡಿಸಿದಳು. ಇಳಿಜಾರಿನ ಸಿಮೆಂಟು ಒಣಗಿದ ದಿನ ಗಂಡ ಅದರ ಮೇಲೆ ಕೈಯಾಡಿಸಿ, "ಭಾನುವಾರ ಅಂಗಡಿಗೆ ಹೋಗ್ತೀನಿ. ಒಬ್ಬನೇ. ನೀನೂ ತಳ್ಳಬಾರದು" ಎಂದ. ಅವಳು ಒಳಗೆ ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಒಡೆದದ್ದನ್ನೆಲ್ಲ ಮೇಸ್ತ್ರಿಯ ಜನ ಸುರಿದದ್ದು ಎಲ್ಲಿ? ಆ ಇಳಿಜಾರಿನ ಬುಡದಲ್ಲೇ! ಯಾಕೆಂದರೆ ಹತ್ತಿರ. ಯಾರಿಗಾಗಿ ಒಡೆದರೋ ಅವನಿಗೇ ಅಡ್ಡ. ಹೊಟ್ಟೆ ಉರಿಯುವುದಿಲ್ಲವೇ?

ವಾರ್ಡಿನ ಕಚೇರಿಗೆ ಹೋದರೆ ಅಲ್ಲಿನ ಗುಮಾಸ್ತ ಕುರ್ಚಿಯಿಂದ ಬೆನ್ನೂ ಎತ್ತಲಿಲ್ಲ. "ತರಕಾರಿ ಸಿಪ್ಪೆ ಆದ್ರೆ ಗಾಡಿ ತಗೊಳ್ತದೆ. ಕಲ್ಲುಮಣ್ಣು ತಗೊಳ್ಳಲ್ಲ. ಬೀದೀಲಿ ಬಿಟ್ರೆ ದಂಡ ಹಾಕ್ತೀವಿ" ಎಂದ. ಎತ್ತುವುದಕ್ಕೆ ಆಳಿಲ್ಲ, ದಂಡ ಹಾಕುವುದಕ್ಕೆ ಆಳಿದೆ! ಇವರ ಆಡಳಿತಕ್ಕಿಷ್ಟು ಬೆಂಕಿ ಬೀಳ ಎಂದು ಅವಳು ಕಚೇರಿಯ ಮೆಟ್ಟಿಲಿನಿಂದ ಮನೆಯವರೆಗೂ ಬೈದುಕೊಂಡೇ ಬಂದಳು.

ಇನ್ನು ಬೀದಿಯ ಜನ. ಬಿದ್ದವರಿಗೆ ಆಳಿಗೊಂದು ಕಲ್ಲು ಎಂಬ ಗಾದೆಯನ್ನು ಅವರು ಅಕ್ಷರಶಃ ನಡೆಸಿಕೊಟ್ಟರು. ರಾಶಿಯ ಮೇಲೆ ಮೊದಲು ಒಂದು ಹರಕಲು ಹಾಸಿಗೆ ಕಾಣಿಸಿತು. ಆಮೇಲೆ ತೂತುಬಿದ್ದ ಬಕೆಟ್ಟು, ಯಾರದೋ ಒಡೆದ ಹೂಕುಂಡ. ಒಂದು ಬೆಳಿಗ್ಗೆ ಗುಡುಗಮ್ಮ ಬಾಗಿಲು ತೆರೆದರೆ ಎದುರುಮನೆಯ ಮೇಷ್ಟ್ರು ಬಿರುಕುಬಿಟ್ಟ ಕಮೋಡನ್ನು ಎದೆಗವಚಿಕೊಂಡು, ಕಳ್ಳಬೆಕ್ಕಿನ ಹಾಗೆ ಹೆಜ್ಜೆ ಇಡುತ್ತ ಬರುತ್ತಿದ್ದರು. ನಿವೃತ್ತರಾದರೂ ಬೀದಿಗೆಲ್ಲ ಶುಚಿತ್ವದ ಪಾಠ ಹೇಳುವ ಮನುಷ್ಯ!

"ಏನ್ ಮೇಷ್ಟ್ರೇ ಅದು?"

"ಏನಿಲ್ಲಮ್ಮ... ಹೇಗಿದ್ರೂ ಇಲ್ಲಿ ರಾಶಿ ಇದೆಯಲ್ಲ, ಜೊತೇಲಿ ಹೋಗಲಿ ಅಂತ..."

"ಹೇಗಿದ್ರೂ ನಮ್ಮನೇಲಿ ದಿನಾ ಮುಸುರೆ ಪಾತ್ರೆನೂ ಇರ್ತವೆ. ಜೊತೇಲಿ ಆಗಲಿ ಅಂತ ಒಂದಿನ ಆದ್ರೂ ಬಂದು ಉಜ್ಜಿಕೊಟ್ಟಿದ್ದೀರಾ?"

ಮೇಷ್ಟ್ರು ಕೈಯಲ್ಲಿದ್ದದ್ದನ್ನು ಅಲ್ಲೇ ಇಟ್ಟು ತಮ್ಮ ಮನೆಯೊಳಗೆ ನುಸುಳಿದರು. ಕಮೋಡು ಮಾತ್ರ ರಾಶಿಯ ತುದಿಯಲ್ಲಿ ಸಿಂಹಾಸನದಂತೆ ಕುಳಿತುಬಿಟ್ಟಿತು.

ಶನಿವಾರ ಬಂತು. ಗಂಡ ಕಿಟಕಿಯ ಬಳಿ ಕುಳಿತು ಕತ್ತಿ, ಕತ್ತರಿ, ಬಾಚಣಿಗೆಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದ. ಹೊರಗಿನ ರಾಶಿಯತ್ತ ನೋಡುತ್ತಲೂ ಇರಲಿಲ್ಲ, ಅದರ ಬಗ್ಗೆ ಮಾತೂ ಎತ್ತುತ್ತಿರಲಿಲ್ಲ. ಈ ಭಾನುವಾರ ತಪ್ಪಿದರೆ ಈ ಮನುಷ್ಯ ಇನ್ನೊಂದು ಭಾನುವಾರದ ಮಾತಾಡುವುದಿಲ್ಲ ಎಂದು ಗುಡುಗಮ್ಮನಿಗೆ ಖಚಿತವಾಗಿತ್ತು. ಬೀದಿಗೆ ಓಡಿ, ಹಾದುಹೋಗುತ್ತಿದ್ದ ಖಾಲಿ ಟೆಂಪೋಗೆ ಅಡ್ಡ ನಿಂತಳು.

ಟೆಂಪೋದವನು ರಾಶಿ ನೋಡಿ ಹುಬ್ಬೇರಿಸಿದ. "ಇದನ್ನ ಊರಾಚೆ ಹಳೇ ಕಲ್ಲುಕ್ವಾರಿಗೇ ಹಾಕ್ಬೇಕಮ್ಮ. ಇಷ್ಟೊತ್ತಿಗೆ ಗೇಟು ಮುಚ್ಚಿರ್ತಾರೆ. ನಾಳೆನೂ ರಜ. ಸೋಮವಾರ ಬರ್ಲಾ?"

"ಸೋಮವಾರ ಬಂದು ನನ್ನ ತಿಥಿ ಮಾಡ್ತೀಯಾ? ಈಗ್ಲೇ ಎತ್ತು!"

"ಎತ್ತಿ ಎಲ್ಲಿ ಹಾಕ್ಲಿ?"

"ಎಲ್ಲಾದ್ರೂ ಹಾಕು, ಅದು ನಿನ್ನ ಹಣೆಬರಹ. ನನ್ನ ಕಣ್ಣಿಗೆ ಬೀಳಬಾರದು, ಅಷ್ಟೇ!"

ಅವನು ಏನೋ ಹೇಳಲು ಬಾಯಿ ತೆರೆದ. ಅವಳ ಮುಖ ನೋಡಿ ಬಾಯಿ ಮುಚ್ಚಿದ. ಕತ್ತಲಾಗುವುದರೊಳಗೆ ಇಳಿಜಾರಿನ ಬುಡ ಗುಡಿಸಿದಂತೆ ಬಯಲಾಯಿತು. ಕಮೋಡೂ ಹೋಯಿತು. ಅಂದು ಗುಡುಗಮ್ಮ ಹೊಟ್ಟೆ ತುಂಬ ಉಂಡಳು.

ಭಾನುವಾರ ಬೆಳಿಗ್ಗೆ ಗಂಡ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಇಳಿಜಾರಿಗೆ ಬಂದ. ಗಾಲಿಗಳನ್ನು ಅಂಗೈಯಲ್ಲಿ ಬಿಗಿಹಿಡಿದು ಮೆಲ್ಲಗೆ ಇಳಿದ. ಬೀದಿ ಮುಟ್ಟಿದ. ಜನ ಬಾಗಿಲಿಗೆ ಬಂದರು. ಈ ಸಲ ಯಾರೂ ಲೊಚಗುಟ್ಟಲಿಲ್ಲ. ಮೇಷ್ಟ್ರು ಚಪ್ಪಾಳೆಯನ್ನೂ ತಟ್ಟಿದರು. ಗುಡುಗಮ್ಮ ಅಪ್ಪಣೆಯ ಪ್ರಕಾರ ಹಿಂದೆ, ದೂರದಲ್ಲಿ, ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡು ನಡೆದಳು. ಬಿಟ್ಟರೆ ಎಲ್ಲಿ ಓಡಿಹೋಗಿ ಕುರ್ಚಿ ಹಿಡಿದುಬಿಡುತ್ತವೋ ಎಂಬ ಭಯ ಅವಳಿಗೆ ಆ ಕೈಗಳದ್ದೇ.

ಟ್ಯಾಂಕಿನ ಗೋಡೆ ಬಂತು. ಗಂಡ ತಿರುಗಿದ, ಮರೆಯಾದ. ಮರುಗಳಿಗೆಗೆ ಗಾಲಿಯ ಸದ್ದು ನಿಂತಿತು.

ಗುಡುಗಮ್ಮ ಓಡಿದಳು. ತಿರುವಿನಲ್ಲಿ ಒಂದು ಕಡೆ ಗೋಡೆ, ಇನ್ನೊಂದು ಕಡೆ ತೆರೆದ ಚರಂಡಿ. ನಡುವಿನ ದಾರಿಯ ತುಂಬ, ಎದೆಮಟ್ಟ, ಇಟ್ಟಿಗೆ ಕಲ್ಲು ಗಾರೆಯ ರಾಶಿ. ಅದರಾಚೆ ಅಂಗಡಿ. ಗಾಲಿಕುರ್ಚಿಯಲ್ಲಿ ಕುಳಿತವನ ಕೈಗೆಟುಕುವಂತೆ ಗಿರಾಕಿಯನ್ನು ಕೂರಿಸಲು ಮೈದುನ ಹೊಸದಾಗಿ ಮಾಡಿಸಿದ್ದ ಗಿಡ್ಡ ಸ್ಟೂಲೂ ಕಾಣುತ್ತಿತ್ತು. ಗಂಡ ಗಾಲಿಗಳ ಮೇಲೆ ಕೈಯಿಟ್ಟು ಕುಳಿತಿದ್ದ.

ಅವಳ ಸಿಟ್ಟು ನೆತ್ತಿಗೇರಿತು.

"ಯಾವನೋ ಅದು, ಕಣ್ಣು ಕುರುಡಾದವನು! ದಾರೀಲಿ ಸುರಿದು ಹೋಗಿದ್ದಾನಲ್ಲ, ಇದೇನು ಅವರಪ್ಪನ ಮನೆ ಹಿತ್ತಿಲಾ? ಮನುಷ್ಯರು ಓಡಾಡ್ತಾರೆ ಅನ್ನೋ ಜ್ಞಾನ ಬೇಡ್ವಾ? ತನ್ನ ಬಾಗಿಲು ಚೊಕ್ಕ ಆದ್ರೆ ಸಾಕು, ಮಂದಿ ಮಣ್ಣು ತಿನ್ನಲಿ! ಥೂ, ಇಂಥವರ ವಂಶಕ್ಕಿಷ್ಟು!"

ಜನ ಸೇರಿದರು. ರಾಶಿಯಾಚೆ ಮೈದುನ ಓಡಿಬಂದ. "ಬೆಳಿಗ್ಗೆನೇ ನೋಡ್ದೆ ಅತ್ತಿಗೆ. ಬಿಡಿ, ನಾಲ್ಕು ಜನ ಸೇರಿ ಅಣ್ಣನ್ನ ಎತ್ತಿ ಈಚೆ ದಾಟಿಸಿಬಿಡಣ."

"ಬೇಡ" ಎಂದ ಗಂಡ. ಕುರ್ಚಿಯನ್ನು ಮನೆಯತ್ತ ಅರ್ಧ ತಿರುಗಿಸಿಯೂ ಬಿಟ್ಟ.

ಅದನ್ನು ನೋಡಿ ಗುಡುಗಮ್ಮನಿಗೆ ಇನ್ನಷ್ಟು ಉರಿಯಿತು. ರಾಶಿಯ ಮೇಲೆ ಹತ್ತಿ ನಿಂತಳು. "ಯಾರು ಹಾಕಿದ್ದು ಅಂತ ನನಗೆ ಗೊತ್ತಾಗ್ಲಿ! ಕುತ್ತಿಗೆ ಹಿಡಿದು ಎಳಕೊಂಡ್ಬಂದು ಅವರ ಕೈಯಲ್ಲೇ..."

ಕಾಲು ಜಾರಿತು. ಬಗ್ಗಿ ನೋಡಿದಳು. ಕಾಲಡಿಯಲ್ಲಿ ಗೋಡೆಯ ಒಂದು ದೊಡ್ಡ ತುಂಡು, ಅದಕ್ಕೆ ಇನ್ನೂ ಅಂಟಿಕೊಂಡಿದ್ದ ನೀಲಿ ಟೈಲ್ಸುಗಳು, ಟೈಲ್ಸಿನಲ್ಲಿ ಸಾಲಾಗಿ ಮೀನುಗಳು. ಎಲ್ಲವೂ ಒಂದೇ ಕಡೆ ಈಜುತ್ತಿದ್ದವು, ಒಂದನ್ನು ಬಿಟ್ಟು. ಆ ಒಂದು ಹೊಟ್ಟೆ ಮೇಲೆ ಮಾಡಿಕೊಂಡಿತ್ತು. ಮದುವೆಯಾದ ಹೊಸತರಲ್ಲಿ ಗಂಡ ತಾನೇ ಕೂತು ಬಚ್ಚಲಿಗೆ ಟೈಲ್ಸು ಅಂಟಿಸಿದ್ದ. ಒಂದು ತಲೆಕೆಳಗಾಗಿತ್ತು. 'ನಿಮ್ಮ ಕೆರೇಲಿ ಒಂದು ಮೀನು ಸತ್ತಿದೆ ರೀ' ಎಂದು ಅವಳು ಅಂದಿನಿಂದ ದಿನಾ ಸ್ನಾನಕ್ಕೆ ಹೋಗುವಾಗ ಹಂಗಿಸುತ್ತಿದ್ದಳು.

ಗಂಡನತ್ತ ನೋಡಿದಳು. ಅವನೂ ಮೀನನ್ನೇ ನೋಡುತ್ತಿದ್ದ. ಅವಳಿಗಿಂತ ಮೊದಲೇ ನೋಡಿದ್ದ.

ಅಂಗಡಿಯ ಬಾಗಿಲಲ್ಲಿ ಒಬ್ಬ ಮುಖದ ತುಂಬ ಸೋಪಿನ ನೊರೆ ಬಳಿದುಕೊಂಡು ನಿಂತಿದ್ದ. ಅಣ್ಣ ಬರುವ ಸುದ್ದಿಯನ್ನು ಬೆಳಿಗ್ಗೆ ಅಂಗಡಿಗೆ ಬಂದ ಮೇಲಷ್ಟೇ ಕೇಳಿ, ಅವನ ಮೊದಲ ಗಿರಾಕಿ ನಾನೇ ಆಗಬೇಕು ಎಂದು ಕಾಯುತ್ತಿದ್ದವನು. ನೊರೆಯ ನಡುವಿನ ಕಣ್ಣುಗಳ ಗುರುತು ಗುಡುಗಮ್ಮನಿಗೆ ಹತ್ತಿತು. ಟೆಂಪೋದವನು! ಅವನೂ ಅವಳ ಗುರುತು ಹಿಡಿದ.

"ಬಿಡಿಮ್ಮ, ಯಾರೋ ನಾಚಿಕೆಗೆಟ್ಟೋರು" ಎಂದರು ಹಿಂದಿನಿಂದ ಮೇಷ್ಟ್ರು ಸಮಾಧಾನದ ದನಿಯಲ್ಲಿ.

ಸುಮ್ಮನಿದ್ದರೆ ಮುಗಿಯುತ್ತಿತ್ತು. ಟೆಂಪೋದವನು ಹೇಳುವುದಿಲ್ಲ, ಗಂಡ ಸತ್ತರೂ ಹೇಳುವುದಿಲ್ಲ. ಆದರೆ ಇಷ್ಟು ವರ್ಷ ಕಂಡವರ ಅನ್ಯಾಯಕ್ಕೆಲ್ಲ ಕೂಗಿದ ಗಂಟಲು ತನ್ನದೇ ಅನ್ಯಾಯಕ್ಕೆ ಹೇಗೆ ಸುಮ್ಮನಿದ್ದೀತು? ಸಿಟ್ಟು ಇಳಿದಿರಲಿಲ್ಲ. ಹೋಗಿ ಬೀಳಲು ಬೇರೆ ತಲೆ ಸಿಗದೆ ಅವಳ ತಲೆಗೇ ತಿರುಗಿತ್ತು.

"ನಾನೇ!" ಎಂದು ಕಿರುಚಿದಳು. "ಆ ನಾಚಿಕೆಗೆಟ್ಟೋಳು ನಾನೇ! ಇದು ನಮ್ಮ ಬಚ್ಚಲ ಗೋಡೆ. ಎಲ್ಲಾದ್ರೂ ಹಾಕು ಅಂದೋಳು ನಾನು. ನನ್ನ ಕಣ್ಣಿಗೆ ಬೀಳದಿದ್ರೆ ಸಾಕು, ಯಾರ ಕಾಲಿಗಾದ್ರೂ ಬೀಳಲಿ ಅಂದ್ಕೊಂಡೋಳು! ಮೇಸ್ತ್ರಿ ಮಾಡಿದ್ದೂ ಇದೇ, ನಾನು ಮಾಡಿದ್ದೂ ಇದೇ!"

ಗುಡುಗಮ್ಮ ತೋಳು ಮೇಲೇರಿಸಿದಳು. "ಹಾಕಿಸಿದೋರ ಕೈಯಲ್ಲೇ ಎತ್ತಿಸ್ತೀನಿ ಅಂದೆನಲ್ಲ, ನೋಡ್ಕೊಳ್ಳಿ."

"ನಾನು ಹೇಳಣ ಅಂತಿದ್ದೆ ಕಣಮ್ಮ..." ಎಂದ ಟೆಂಪೋದವನು ಮೆಲ್ಲಗೆ.

"ನೀನು ಬಾಯಿ ಮುಚ್ಚು! ನಾನು ಬಾವಿಗೆ ಬೀಳು ಅಂದಿದ್ರೆ ಬೀಳ್ತಿದ್ಯಾ? ಬಾ, ಇಟ್ಟಿಗೆ ಹಿಡಿ. ಮೇಷ್ಟ್ರೇ, ಎಲ್ಲಿ ಹೊರಟ್ರಿ? ಅಗೋ ಅಲ್ಲಿ, ನಿಮ್ಮ ಸಿಂಹಾಸನ. ಅದನ್ನ ನಾನು ಹೊರಲ್ಲ."

ಮೇಷ್ಟ್ರು ಎಲ್ಲರೆದುರು ಕಮೋಡನ್ನು ಮತ್ತೆ ಎದೆಗವಚಿಕೊಳ್ಳಬೇಕಾಯಿತು. ಯಾರೋ ಕಿಸಕ್ಕೆಂದರು. ಹಾಸಿಗೆಯವರು, ಬಕೆಟ್ಟಿನವರು ತಾವಾಗಿಯೇ ಮುಂದೆ ಬಂದು, ತಮ್ಮದಲ್ಲ ಎಂಬ ಮುಖ ಮಾಡಿಕೊಂಡು ತಮ್ಮ ತಮ್ಮದನ್ನು ಎತ್ತಿಕೊಂಡರು.

ಗುಡುಗಮ್ಮ ಮೀನಿನ ತುಂಡನ್ನು ಎದೆಗೆ ಆನಿಸಿ ಎತ್ತಿದಳು. ಭಾರಕ್ಕೆ ಸೊಂಟ ಬಾಗಿತು. ನಾಲ್ಕು ಹೆಜ್ಜೆಯೂ ಇಟ್ಟಿರಲಿಲ್ಲ, ಗಂಡನ ಕುರ್ಚಿ ಅಡ್ಡ ಬಂತು. ಅವನು ಚೀಲವನ್ನು ಕುತ್ತಿಗೆಗೆ ನೇತುಹಾಕಿಕೊಂಡು, ಇಸ್ತ್ರಿ ಮಾಡಿದ ಬಟ್ಟೆಯ ಮೇಲೆಯೇ ತೊಡೆ ತಟ್ಟಿ ತೋರಿಸಿದ.

"ಇಲ್ಲಿಡು."

"ರೀ, ಬೇಡ, ಬಟ್ಟೆ..."

"ಇಡು ಅಂದೆ. ನೀನು ಹೊರೋಕಿಂತ ಇದು ಸಲೀಸು. ಗಾಲಿ ಇದೆ."

ಅವನ ತೊಡೆಯ ಮೇಲೆ ಮೀನುಗಳು ಮನೆಗೆ ಮರಳಿದವು. ಆಮೇಲೆ ಇಟ್ಟಿಗೆಗಳು, ಆಮೇಲೆ ಗಾರೆಯ ಚೀಲಗಳು. ಅವಳು ತುಂಬಿದಳು, ಅವನು ಸಾಗಿಸಿದ, ಟೆಂಪೋದವನು ನೊರೆ ಒಣಗಿದ ಮುಖದಲ್ಲೇ ಇಳಿಸಿದ. ಇಳಿಸಿದ್ದು ಇಳಿಜಾರಿಗೆ ಅಡ್ಡವಲ್ಲ, ಗುಡುಗಮ್ಮನ ಹೊಲಿಗೆ ಯಂತ್ರದ ಕಿಟಕಿಯ ಕೆಳಗೆ, ತಲೆ ಎತ್ತಿದರೆ ಕಣ್ಣಿಗೆ ಹೊಡೆಯುವ ಹಾಗೆ. ಜಾಗ ತೋರಿಸಿದವಳು ಅವಳೇ.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಗೋಡೆಗೂ ಉಳಿದ ರಾಶಿಗೂ ನಡುವೆ ಕುರ್ಚಿಯಗಲದ ದಾರಿ ಬಿತ್ತು. ಗಂಡ ಅದರಲ್ಲಿ ತೂರಿದ. ಒಂದು ಕಡೆ ಗಾಲಿ ಕಲ್ಲಿಗೆ ಸಿಕ್ಕಿ ಕುರ್ಚಿ ವಾಲಿತು, ನಾಲ್ಕಾರು ಕೈಗಳು ಮುಂದೆ ಬಂದವು. "ಯಾರೂ ಮುಟ್ಟಬೇಡಿ!" ಎಂದು ಗುಡುಗಮ್ಮ ಗುಡುಗಿದಳು. ಅವನು ಹಿಂದಕ್ಕೆ ಸರಿದು, ಮತ್ತೆ ನೂಕಿ, ದಾಟಿದ.

ಅಂಗಡಿಯಲ್ಲಿ ಕೈ ತೊಳೆದುಕೊಂಡು ಕತ್ತಿ ಬಿಚ್ಚಿದ. ಟೆಂಪೋದವನು ಗಿಡ್ಡ ಸ್ಟೂಲಿನ ಮೇಲೆ ಕುಳಿತು ಮುಖವೊಡ್ಡಿದ. ಹೊಸ ನೊರೆ ಏರಿತು. ಗುಡುಗಮ್ಮ ಬಾಗಿಲಲ್ಲಿ ನಿಂತು ಕೇಳಿದಳು: "ಸೋಮವಾರ ಎಲ್ಲಿಗೆ ಹಾಕ್ತೀಯಾ?"

"ಕ್ವಾರಿಗೇ ಕಣಮ್ಮ, ದೇವರಾಣೆ."

"ಮುಂದಿನ ಸೀಟು ಖಾಲಿ ಇಟ್ಟಿರು. ನಾನೂ ಬಂದು ಕಣ್ಣಾರೆ ನೋಡ್ತೀನಿ. ಆಮೇಲೆ ಆ ಮೇಸ್ತ್ರಿ ಮನೆ ಎಲ್ಲಿದೆ ಅಂತ..."

"ತಲೆ ಎತ್ತು" ಎಂದ ಗಂಡ ಗಿರಾಕಿಗೆ. "ಅಲುಗಾಡಬೇಡ."

ಬೈಕಿನಿಂದ ಬಿದ್ದ ಮೇಲೆ ಅಂಗಡಿಯ ಯಜಮಾನನ ಆ ದನಿಯನ್ನು ಅವಳು ಕೇಳಿರಲಿಲ್ಲ. ಗಿರಾಕಿ ಉಸಿರು ಬಿಗಿಹಿಡಿದು ಕುಳಿತ. ಬಾಗಿಲಲ್ಲಿ ಗುಡುಗಮ್ಮನೂ ಮಾತು ಅರ್ಧಕ್ಕೇ ಬಿಟ್ಟು, ಅಲುಗಾಡದೆ ನಿಂತಳು.