ಒಳಗಿನ ಕಂಪ್ಯೂಟರಿಗೆ ಹೊರಗಿನ ಹೆಸರು

ಮೊಳಕಾಲ್ಮೂರಿನಿಂದ ಸೀರೆ ನೇಯುವ ಗಂಗಲಕ್ಷ್ಮಿ ಫೋನ್ ಮಾಡಿ, "ಸಬೀನಾ, ಡಿಸೈನ್ ತೆಗಿಯಾಕೆ ಹೋದ್ರೆ ಇದು ಬೇರೆ ಕಂಪ್ಯೂಟರ್ ಅಂತೈತೆ ಕಣಮ್ಮ. ನಮ್ದೇ ಅಲ್ವಾ ಇದು?" ಎಂದಾಗ ಸಬೀನಾಗೆ ಗಾಬರಿಗಿಂತ ಕುತೂಹಲವೇ ಹೆಚ್ಚಾಯಿತು. ಚಳ್ಳಕೆರೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಅವಳು ಹಿಂದಿನ ವಾರವಷ್ಟೇ ಗಂಗಲಕ್ಷ್ಮಿಯ ಕಂಪ್ಯೂಟರಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಟ್ಟಿದ್ದಳು. ಸೀರೆಯ ಅಂಚಿನ ಡಿಸೈನ್ ಬಿಡಿಸುವ ಸಾಫ್ಟ್‌ವೇರ್ ಹಳೇ ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತಿದ್ದುದರಿಂದ, ಆ ವಿಂಡೋಸನ್ನು ಇದ್ದ ಹಾಗೇ ಎತ್ತಿ, ಲಿನಕ್ಸ್ ಒಳಗೆ ವರ್ಚುವಲ್ ಮಷೀನ್ ಮಾಡಿ ಕೂರಿಸಿದ್ದಳು. ಒಂದು ಕಂಪ್ಯೂಟರಿನ ಹೊಟ್ಟೆಯಲ್ಲಿ ಇನ್ನೊಂದು.

ಬಸ್ಸಿಳಿದು ಗಂಗಲಕ್ಷ್ಮಿಯ ಮನೆಗೆ ಹೋದಾಗ ಮಗ್ಗ ಸುಮ್ಮನೆ ನಿಂತಿತ್ತು. ಅಂಚಿನ ಎಳೆಗಳನ್ನು ಎತ್ತಿಸುವ ರಟ್ಟಿನ ಕಾರ್ಡುಗಳು ಹರಿದಿದ್ದವು. ಹೊಸದಾಗಿ ತೂತು ಹೊಡೆಸಲು ಕಂಪ್ಯೂಟರಿನಲ್ಲಿದ್ದ ಡಿಸೈನೇ ಬೇಕು. ಸಾಫ್ಟ್‌ವೇರ್ ಮೊದಲು ಹಾಕಿದ ಕಂಪ್ಯೂಟರಿನಲ್ಲಿ ಮಾತ್ರ ತೆರೆಯುವಂಥದ್ದು. ಅದನ್ನು ಮಾರಿದ ಕಂಪನಿ ಮುಚ್ಚಿ ಎಷ್ಟೋ ಕಾಲವಾಗಿತ್ತು.

ಅದು ಯಾವ ಗುರುತು ನೋಡಿ ಇದು ತನ್ನ ಕಂಪ್ಯೂಟರಲ್ಲ ಎನ್ನುತ್ತಿದೆ? ಸಬೀನಾ ಒಳಗಿನ ವಿಂಡೋಸ್‌ನಲ್ಲಿ ಕಂಪ್ಯೂಟರಿನ ವಿವರ ತೆಗೆದಳು. ತಯಾರಕರ ಜಾಗದಲ್ಲಿ ಎಂದೂ ಕೇಳದ ಹೆಸರು. ಸೀರಿಯಲ್ ನಂಬರ್ ಖಾಲಿ. ಲಿನಕ್ಸ್‌ನಲ್ಲಿ ನೋಡಿದರೆ ನಿಜವಾದ ಹೆಸರು, ನಂಬರ್ ಎರಡೂ ಇದ್ದವು.

"ಒಳಗಿರೋದಕ್ಕೆ ತಾನು ಎಲ್ಲೈತೆ ಅಂತಾನೇ ಗೊತ್ತಿಲ್ಲ ಅಕ್ಕ," ಎಂದಳು.

"ಹಂಗಾರೆ ಹೇಳಿಬಿಡು ಅದಕ್ಕೆ."

ಹೊರಗಿನ ಯಂತ್ರದ ಗುರುತನ್ನು ಒಳಕ್ಕೂ ಕೊಡು ಎಂಬ ಒಂದು ಸಾಲನ್ನು ವರ್ಚುವಲ್ ಮಷೀನಿನ ಸೆಟ್ಟಿಂಗ್‌ನಲ್ಲಿ ಸೇರಿಸಿ, ವಿಂಡೋಸನ್ನು ರೀಸ್ಟಾರ್ಟ್ ಮಾಡಿದಳು. ಮತ್ತೆ ಅದೇ ಮಾತು. ಅಕ್ಷರ ತಪ್ಪಿತೇ? ಮತ್ತೆ ತೆಗೆದು ನೋಡಿದಳು, ಸಾಲು ಸರಿಯಾಗಿಯೇ ಇತ್ತು. ಗಂಗಲಕ್ಷ್ಮಿ ಕೊಟ್ಟ ಚಹಾ ಆರಿಹೋಯಿತು.

ಆಮೇಲೆ ಹೊಳೆಯಿತು. ಒಳಗಿಂದ ರೀಸ್ಟಾರ್ಟ್ ಮಾಡಿದರೆ ವಿಂಡೋಸ್ ಮಾತ್ರ ಮತ್ತೆ ಏಳುತ್ತದೆ. ಅದನ್ನು ಹೊತ್ತ ವರ್ಚುವಲ್ ಮಷೀನ್ ಹಳೇ ಸೆಟ್ಟಿಂಗ್‌ನಲ್ಲೇ ನಡೆಯುತ್ತಿರುತ್ತದೆ. ಈ ಸಲ ವರ್ಚುವಲ್ ಮಷೀನನ್ನೇ ಪೂರ್ತಿ ಆರಿಸಿ, ಲಿನಕ್ಸ್‌ನಿಂದ ಹೊಸದಾಗಿ ಶುರುಮಾಡಿದಳು. ಒಳಗೂ ನಿಜವಾದ ಹೆಸರು ಬಂತು. ಸಾಫ್ಟ್‌ವೇರ್ ತಕರಾರಿಲ್ಲದೆ ತೆರೆಯಿತು.

"ಬಂತಲ್ಲ!" ಎಂದ ಗಂಗಲಕ್ಷ್ಮಿ, ತೆರೆಯತ್ತ ಬಗ್ಗಿ, "ಈಗ ಅದಕ್ಕೆ ನಮ್ಮ ಫೋಟೋ, ಬ್ಯಾಂಕಿಂದು ಎಲ್ಲಾ ಕಾಣ್ತೈತಾ?" ಎಂದರು.

"ಇಲ್ಲಕ್ಕ. ಮಷೀನ್ ಹೆಸ್ರು, ನಂಬರ್, ಅಂಥವಷ್ಟೇ."

ತೆರೆಯ ತುಂಬ ಅಂಚಿನ ಡಿಸೈನಿನ ಸಣ್ಣ ಸಣ್ಣ ಚೌಕಗಳು, ಕೆಂಪು, ಬಿಳಿ. ಎದ್ದು ಬ್ಯಾಗು ಹೆಗಲಿಗೇರಿಸಿದ್ದ ಸಬೀನಾ ಮತ್ತೆ ಕೂತಳು.

"ಅಕ್ಕಾ, ಈ ಒಂದು ಚೌಕ ಅಂದ್ರೆ ಮಗ್ಗದಾಗೆ ಏನು?"

"ಬಾ, ತೋರಿಸ್ತೀನಿ," ಎಂದು ಗಂಗಲಕ್ಷ್ಮಿ ಅವಳ ಕೈಹಿಡಿದು, ನೇಯುವವರು ಕಾಲಿಳಿಬಿಟ್ಟು ಕೂರುವ ಮಗ್ಗದ ಗುಂಡಿಯ ಕಡೆಗೆ ನಡೆದರು.