ಬೆಳ್ಳಪ್ಪನ ಐದು ಸೆಂಟರುಗಳು

ತೀರ್ಥಹಳ್ಳಿಯ ಬಟ್ಟೆ ವ್ಯಾಪಾರಿ ನೇಮಿಚಂದ್ರನಿಗೂ ಕೋಣಂದೂರಿನ ಡ್ರಿಲ್ ಮೇಷ್ಟ್ರು ಬೆಳ್ಳಪ್ಪನಿಗೂ ಮೂವತ್ತನಾಲ್ಕು ವರ್ಷಗಳಿಂದ ಒಂದು ವ್ಯಾಜ್ಯ ನಡೆದೇ ಇತ್ತು. ಹೆಣ್ಣು, ಹೊನ್ನು, ಮಣ್ಣು ಯಾವುದರದ್ದೂ ಅಲ್ಲ. ಬ್ಯಾಸ್ಕೆಟ್‌ಬಾಲ್ ಆಟ ಕಂಡ ಸೆಂಟರುಗಳಲ್ಲಿ ಮೊದಲನೆಯವನು ಯಾರು ಎಂಬುದು.

ಇಬ್ಬರೂ ಆಡಿದ ಕಾಲೇಜಿನ ತಂಡದಲ್ಲಿ ಆರಡಿ ಐದಂಗುಲದ ಬೆಳ್ಳಪ್ಪನೇ ಸೆಂಟರ್. ರಿಂಗಿನ ಬುಡದಲ್ಲಿ ನಿಂತು ಎಲ್ಲರ ತಲೆಯ ಮೇಲಿಂದ ಚೆಂಡು ಕಿತ್ತುಕೊಳ್ಳುವುದು ಅವನ ಕೆಲಸ, ಆ ಚೆಂಡನ್ನು ಅವನವರೆಗೆ ಮುಟ್ಟಿಸುವುದು ಕುಳ್ಳ ನೇಮಿಚಂದ್ರನ ಕೆಲಸ. ವಾದದ ಬೇರು ಅಲ್ಲಿಯೇ ಇತ್ತು. ಒಂದೇ ಪಂದ್ಯದಲ್ಲಿ ನೂರು ಅಂಕ ಗಳಿಸಿದ ಅಮೆರಿಕದ ಚೇಂಬರ್ಲೇನ್ ಎದುರು ಉಳಿದವರೆಲ್ಲ ಹಸುಳೆಗಳು ಎಂಬುದು ಬೆಳ್ಳಪ್ಪನ ಪಟ್ಟು. ನೇಮಿಚಂದ್ರ ಅದೇ ಕಾಲದ ರಸೆಲ್‌ನ ಪಕ್ಷ. ಹದಿಮೂರು ವರ್ಷ ಆಡಿ ಹನ್ನೊಂದು ಸಲ ತಂಡವನ್ನು ಗೆಲ್ಲಿಸಿದವನು ಅವನು. ಎದುರಾಳಿಯ ಚೆಂಡನ್ನು ತಡೆದಾಗಲೂ ಅದನ್ನು ದೂರ ಬಡಿದು ಚಪ್ಪಾಳೆ ಗಿಟ್ಟಿಸದೆ, ತನ್ನವನ ಕೈಗೆ ಬೀಳುವಂತೆ ಮೆತ್ತಗೆ ತಟ್ಟುತ್ತಿದ್ದವನು. ಅಬ್ದುಲ್ ಜಬ್ಬಾರ್ ಮೂರನೆಯವನು, ಒಲಾಜುವಾನ್ ನಾಲ್ಕನೆಯವನು ಎಂಬಲ್ಲಿಗೆ ರಾಜಿಯಾಗುತ್ತಿತ್ತು. ಐದನೆಯ ಜಾಗಕ್ಕೆ ಬೆಳ್ಳಪ್ಪ ಯಾರನ್ನೂ ಬಿಡುತ್ತಿರಲಿಲ್ಲ. ಅದು ಮಗಳು ಸುಚಿತ್ರಾಳದ್ದು ಎನ್ನುತ್ತಿದ್ದ. ನಗುತ್ತಲೇ ಹೇಳಿದರೂ ಅದು ತಮಾಷೆಯಲ್ಲವೆಂದು ನೇಮಿಚಂದ್ರ ಬಲ್ಲ.

ಸುಚಿತ್ರಾಳಿಗೆ ಈಗ ಹದಿನೇಳು, ಎತ್ತರ ಆರಡಿ ಒಂದಂಗುಲ, ತನ್ನ ತಂಡದ ಸೆಂಟರ್. ತಾಯಿ ಅವಳ ಐದನೆಯ ವಯಸ್ಸಿನಲ್ಲೇ ತೀರಿಕೊಂಡಿದ್ದಳು. ಅಂದಿನಿಂದ ಪ್ರತಿ ಯುಗಾದಿಗೆ ಬೆಳ್ಳಪ್ಪ ಮಗಳನ್ನು ಪಡಸಾಲೆಯ ಗೋಡೆಗೆ ನಿಲ್ಲಿಸಿ, ತೋಳು ಚಾಚಿಸಿ, ಎರಡೂ ಕೈಗಳ ಬೆರಳ ತುದಿಗೆ ಸೀಮೆಸುಣ್ಣದ ಗುರುತು ಹಾಕುತ್ತಿದ್ದ. ತೋಳಿನ ಅಳತೆ ಎತ್ತರವನ್ನು ನಾಲ್ಕಂಗುಲ ಮೀರಿತ್ತು. ಮನೆಗೆ ಬಂದವರು ಕಾಫಿಗಿಂತ ಮೊದಲು ಆ ಗೋಡೆಯನ್ನು ನೋಡಬೇಕಿತ್ತು.

ಹೋದ ತಿಂಗಳು ಬೆಳ್ಳಪ್ಪನಿಗೆ ಎದೆನೋವು ಬಂತು. ನೇಮಿಚಂದ್ರನೇ ಕಾರಿನಲ್ಲಿ ಕೂರಿಸಿಕೊಂಡು ಹುಲಿಕಲ್ ಘಾಟಿ ಇಳಿದು ಕರಾವಳಿಯ ಆಸ್ಪತ್ರೆಯೊಂದಕ್ಕೆ ಕರೆದೊಯ್ದ. ಡಾಕ್ಟರು ಸ್ಕ್ಯಾನ್ ನೋಡಿದರು. ಆಮೇಲೆ, ಇಬ್ಬರಿಗೂ ಅಚ್ಚರಿಯಾಗುವಂತೆ, ಬೆಳ್ಳಪ್ಪನ ತೋಳು ಚಾಚಿಸಿ ಟೇಪು ಹಿಡಿದರು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಊದಿಕೊಂಡಿದೆ, ಯಾವ ದಿನವಾದರೂ ಒಡೆಯಬಹುದು, ಬೇಗ ಆಪರೇಷನ್ ಆಗಬೇಕು ಎಂದರು. ಇದು ರಕ್ತದಲ್ಲಿ ಇಳಿದುಬರುವ ರೋಗ, ಅಳತೆ ಮೀರಿದ ತೋಳು, ಉದ್ದ ಬೆರಳುಗಳೇ ಅದರ ಚಿಹ್ನೆ ಎಂದು ವಿವರಿಸಿ, ಮಕ್ಕಳಿದ್ದಾರೆಯೇ ಎಂದು ಕೇಳಿದರು. ಮಗಳು ಆಟಗಾರ್ತಿ ಎಂದು ತಿಳಿದಾಗ, ಅವಳ ಸ್ಕ್ಯಾನ್ ಆಗುವವರೆಗೆ ಒಂದು ಹೆಜ್ಜೆಯೂ ಓಡಿಸಬೇಡಿ ಎಂದರು.

ಘಾಟಿ ಹತ್ತುವಾಗ ಬೆಳ್ಳಪ್ಪ ಕಾರು ನಿಲ್ಲಿಸಲು ಹೇಳಿದ. ಸಾಗರದಲ್ಲಿ ಸುಚಿತ್ರಾಳ ತಂಡದ ಫೈನಲ್ ಪಂದ್ಯವಿತ್ತು. ರಾಜ್ಯ ತಂಡಕ್ಕೆ ಆರಿಸುವವರು ಅಲ್ಲಿಗೆ ಬರುವವರಿದ್ದರು. ಅದು ಮುಗಿಯುವ ತನಕ ಬಾಯಿ ಬಿಡಬಾರದು, ತನ್ನ ಆಪರೇಷನ್ನೂ ಆಮೇಲೆಯೇ ಎಂದು ಅವನು ನೇಮಿಚಂದ್ರನ ಕೈ ಹಿಡಿದುಕೊಂಡ.

"ಇಪ್ಪತ್ತು ದಿನ ಮಾರಾಯ. ಇಷ್ಟು ವರ್ಷ ಓಡಿದೋಳಿಗೆ ಇಪ್ಪತ್ತು ದಿನದಲ್ಲಿ ಎಂತ ಆಗ್ತದೆ?"

ನೇಮಿಚಂದ್ರ ಮಾತು ಕೊಟ್ಟ. ಅಂಗಡಿಯಲ್ಲಿ ಗಿರಾಕಿಗೆ ಬಟ್ಟೆ ಅಳೆಯುವಾಗ ಲೆಕ್ಕ ತಪ್ಪುತ್ತಿತ್ತು. ಮೂರು ಮೀಟರ್ ಕೇಳಿದವರಿಗೆ ಎರಡು ಸಲ ನಾಲ್ಕು ಹರಿದ.

ಫೈನಲಿನ ಭಾನುವಾರ ಮಧ್ಯಾಹ್ನ ಸಾಗರದ ಮೈದಾನದ ಮೆಟ್ಟಿಲುಗಳ ಮೇಲೆ ಇಬ್ಬರೂ ಕೂತರು. ಸುಚಿತ್ರಾ ಆಡಿದಳು. ವಿರಾಮದ ಹೊತ್ತಿಗೆ ಅವಳೊಬ್ಬಳದೇ ಹದಿನೆಂಟು ಅಂಕ. ಆರಿಸಲು ಬಂದವರು ಪುಸ್ತಕದಲ್ಲಿ ಏನೋ ಗೀಚಿಕೊಳ್ಳುತ್ತಿದ್ದರು. ಸೀಟಿ ಊದಿದ ಕೂಡಲೇ ಅವಳು ಮಂಡಿಗೆ ಕೈಯೂರಿ, ಬಗ್ಗಿ, ಏದುಸಿರು ಬಿಟ್ಟಳು. ಹತ್ತೂ ಹುಡುಗಿಯರು ಹಾಗೆಯೇ ನಿಂತಿದ್ದರು. ನೇಮಿಚಂದ್ರನಿಗೆ ಕಂಡದ್ದು ಅವಳೊಬ್ಬಳೇ.

"ಸುಸ್ತಾಗಿದೆ ಹುಡುಗಿಗೆ," ಎಂದ.

"ಚೇಂಬರ್ಲೇನ್ ಬೆಂಚ್ ಮೇಲೆ ಕೂತಿದ್ದು ನೋಡಿದ್ಯಾ ನೀನು? ವರ್ಷಗಟ್ಟಲೆ ಪೂರಾ ಆಟ ಆಡ್ದೋನು ಅವ."

"ಅರವತ್ತಮೂರಕ್ಕೆ ಹೃದಯ ಸೋತು ಸತ್ತ. ರಸೆಲ್ ಎಂಬತ್ತೆಂಟು ಬದುಕ್ದ."

ಬೆಳ್ಳಪ್ಪ ಅಂಕಣದಿಂದ ಕಣ್ಣು ತೆಗೆಯಲಿಲ್ಲ. "ಅದು ಪಟ್ಟಿಗೆ ಬರಲ್ಲ, ನೇಮಿ."

ನೇಮಿಚಂದ್ರ ಎದ್ದು ಮೆಟ್ಟಿಲಿಳಿದ. ಬೆಂಚಿನ ತುದಿಯಲ್ಲಿ ನೀರು ಕುಡಿಯುತ್ತಿದ್ದ ಸುಚಿತ್ರಾಳ ಪಕ್ಕ ಕೂತು, ಡಾಕ್ಟರು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದ. ಅವಳು ಬಾಟಲಿಯ ಮುಚ್ಚಳ ತಿರುಗಿಸುತ್ತಲೇ ಕೇಳಿಸಿಕೊಂಡಳು.

"ಅಪ್ಪಂಗೆ ಗೊತ್ತಾ ಮಾಮ?"

"ಗೊತ್ತು."

"ಯಾವಾಗಿಂದ?"

ಅದನ್ನೂ ಹೇಳಿದ. ಅವಳು ಮೆಟ್ಟಿಲುಗಳತ್ತ ತಲೆಯೆತ್ತಿದಳು. ಬೆಳ್ಳಪ್ಪ ಅಷ್ಟೂ ಎತ್ತರಕ್ಕೆ ಎದ್ದು ನಿಂತಿದ್ದ. ಇಲ್ಲವೆಂದು ಕೈಯಾಡಿಸಿದ್ದರೂ ಅವಳು ನಂಬುತ್ತಿದ್ದಳೇನೋ. ಅವನು ಮುಖ ಬೇರೆ ಕಡೆ ತಿರುಗಿಸಿದ. ಸುಚಿತ್ರಾ ಶೂ ಬಿಚ್ಚಿ ಬೆಂಚಿನ ಕೆಳಗೆ ತಳ್ಳಿದಳು. ತಂಡ ಹನ್ನೊಂದು ಅಂಕದಿಂದ ಸೋತಿತು. ಆರಿಸಲು ಬಂದವರು ಎದುರಾಳಿ ತಂಡದ ಇಬ್ಬರ ಹೆಸರು ಬರೆದುಕೊಂಡು ಹೋದರು.

ಎಂಟು ದಿನಗಳ ಮೇಲೆ ಸ್ಕ್ಯಾನ್ ಆಯಿತು. ಅವಳ ರಕ್ತನಾಳ ಚೊಕ್ಕಟವಾಗಿತ್ತು. ಡಾಕ್ಟರು ಉಳಿದ ಪರೀಕ್ಷೆಗಳನ್ನೂ ಮಾಡಿ, ತಂದೆಯ ರೋಗ ಇವಳಿಗೆ ಇಳಿದಿಲ್ಲ, ತೋಳು ಸುಮ್ಮನೆ ಉದ್ದ, ಅಷ್ಟೆ ಎಂದರಂತೆ. ಸುದ್ದಿ ತಿಳಿದಾಗ ನೇಮಿಚಂದ್ರನಿಗೆ ಮೊದಲು ಬಂದದ್ದು ಸಂತೋಷವೇ. ಅದು ಕೋಣಂದೂರು ಮುಟ್ಟುವವರೆಗೆ ಉಳಿಯಿತು.

ಬಾಗಿಲು ತೆಗೆದವಳು ಸುಚಿತ್ರಾ. ಬನ್ನಿ ಮಾಮ ಎಂದಳು, ಕಾಫಿ ತಂದಳು, ತಂದೆಯ ಲೋಟವನ್ನು ಅವನ ಕೈಗೆ ಕೊಡದೆ ಕಿಟಕಿಯ ಮೇಲಿಟ್ಟು ಒಳಗೆ ಹೋದಳು. ಸಾಗರದಿಂದ ಬಂದ ಮೇಲೆ ಅವಳು ತಂದೆಯೊಡನೆ ಒಂದು ಮಾತೂ ಆಡಿಲ್ಲವೆಂದು ತಿಳಿಯಲು ನೇಮಿಚಂದ್ರನಿಗೆ ಅಷ್ಟು ಸಾಕಾಯಿತು. ಕ್ಷಮೆ ಕೇಳಬೇಕೆನಿಸಿತು, ಯಾವುದಕ್ಕೆಂದು ಹೊಳೆಯಲಿಲ್ಲ. ಮೂವತ್ತನಾಲ್ಕು ವರ್ಷ ಸೆಂಟರುಗಳ ವಾದ ಬಿಟ್ಟು ಇಬ್ಬರೂ ಬೇರೆ ಭಾಷೆ ಕಲಿತೇ ಇರಲಿಲ್ಲ.

"ಯೋಚ್ನೆ ಮಾಡ್ದೆ ಬೆಳ್ಳಪ್ಪ. ಚೇಂಬರ್ಲೇನೇ ಮೊದಲಿರಬಹುದು," ಎಂದ.

ಬೆಳ್ಳಪ್ಪ ತಣ್ಣಗಾಗುತ್ತಿದ್ದ ಲೋಟವನ್ನೇ ನೋಡುತ್ತಿದ್ದ. "ಇಲ್ಲ. ರಸೆಲೇ ಮೊದಲು. ನೀನೇ ಸರಿ."

ಆ ಮಾತಿಗಾಗಿ ನೇಮಿಚಂದ್ರ ಅರ್ಧ ಆಯುಷ್ಯ ಜಗಳವಾಡಿದ್ದ. ಈಗ ಅದನ್ನು ಹಿಂದಕ್ಕೆ ಕೊಡಲು ದಾರಿಯಿರಲಿಲ್ಲ.

"ಮುಗೀತಲ್ಲ," ಎಂದ ಬೆಳ್ಳಪ್ಪ. "ಇನ್ನು ಇಲ್ಲಿಗೆ ಬರೋ ಕೆಲಸ ಎಂತ ಉಂಟು ನಿಂಗೆ?"

ನೇಮಿಚಂದ್ರ ಕಾಫಿ ಕುಡಿದು ಲೋಟ ಕೆಳಗಿಟ್ಟ. ಆಪರೇಷನ್ ಯಾವತ್ತು, ಕಾರು ತರುತ್ತೇನೆ ಎಂದ. ಬೆಳ್ಳಪ್ಪ ಕಿಟಕಿಯ ಮೇಲಿನ ಲೋಟ ಎತ್ತಿಕೊಂಡು ಅತ್ತ ತಿರುಗಿ ಕೂತ. ಒಳಗಿಂದಲೂ ಯಾರೂ ದಿನ ಹೇಳಲಿಲ್ಲ.